ಭದ್ದು ಸತ್ತ ಶುಕ್ರವಾರ

ಅಡಿವೆಪ್ಪ ಆನೆಯನ್ನು ಕೊಂದದ್ದು ಆಫೀಸಿನ ಊಟದ ಬಿಡುವಿನಲ್ಲಿ.

ಜುಮೇರಾ ಲೇಕ್ ಟವರ್ಸ್‌ನ ಗಾಜಿನ ಕಟ್ಟಡವೊಂದರಲ್ಲಿ ಅವನು ಏಸಿ ಡಕ್ಟುಗಳ ಎಂಜಿನಿಯರ್. ಬಲಗೈಯಲ್ಲಿ ಚಪಾತಿಯ ಸುರುಳಿ, ಎಡಗೈಯ ಒಂದೇ ಬೆರಳು ಕೀಬೋರ್ಡಿನ ಮೇಲೆ. ಡಬ್ಬಿಯಲ್ಲಿದ್ದ ಬದನೆಕಾಯಿ ಎಣ್ಣೆಗಾಯಿ ಮುಗಿಯುವಷ್ಟರಲ್ಲಿ ಆನೆಯೂ ಮುಗಿದಿತ್ತು. ಮೈತುಂಬ ಬಾಣ ಚುಚ್ಚಿಸಿ, ಹೊಳೆಯ ದಂಡೆಯಲ್ಲಿ ಮಂಡಿಯೂರಿಸಿ, ದೊರೆಯ ತೊಡೆಯ ಮೇಲೆ ಸೊಂಡಿಲಿಡಿಸಿ, ಕೊನೆಗೆ ಶ್ರೀಗಂಧದ ಕೊರಡುಗಳಲ್ಲಿ ಸುಟ್ಟು, ಬೂದಿಯನ್ನು ನೀರಿಗೆ ಬಿಟ್ಟ ಮೇಲೆಯೇ ಅವನು ಕೈ ತೊಳೆಯಲು ಎದ್ದದ್ದು. ಕನ್ನಡಿಯಲ್ಲಿ ಮುಖ ನೋಡಿಕೊಂಡ. ಬಾಡಿಗೆ ಕೊಡದ ಬಿಡಾರದವನನ್ನು ಹೊರಗೆ ಹಾಕಿದ ಮನೆಮಾಲಿಕನ ಹಾಗೆ ಹಗುರಾಗಿ ಕಾಣುತ್ತಿತ್ತು.

ಹಗುರಾಗಲು ಕಾರಣವಿತ್ತು. ಬಾಗಲಕೋಟೆಯ ಅಡಿವೆಪ್ಪ ಐತಿಹಾಸಿಕ ಕಾದಂಬರಿ ಬರೆಯುತ್ತ ಬಂದು ಇಪ್ಪತ್ತು ವರ್ಷ. ದುಬೈಗೆ ಬರುವ ಮೊದಲು ಎರಡು, ಬಂದ ಮೇಲೆ ನಾಲ್ಕು. ಒಂದೊಂದೂ ಇಟ್ಟಂಗಿಯಷ್ಟು ದಪ್ಪ. ಅವನ್ನು ಓದಿದವರಿಗಿಂತ ಎತ್ತಿ ನೋಡಿದವರೇ ಹೆಚ್ಚು. ಒಬ್ಬ ವಿಮರ್ಶಕರಂತೂ ಕೊನೆಯಲ್ಲಿ ಕೊಟ್ಟ ಆಕರಗ್ರಂಥಗಳ ಪಟ್ಟಿ ಬಹಳ ರಸವತ್ತಾಗಿದೆ ಎಂದು ಬರೆದಿದ್ದರು. ಏಳನೆಯದು 'ಕಲ್ಲುಗೊಪ್ಪದ ಕಡೆಯ ದೊರೆ'. ಹುಬ್ಬಳ್ಳಿಯ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರತೊಡಗಿದಾಗ, ಈ ಸಲವಾದರೂ ತನ್ನ ಇಮ್ಮಡಿ ವೀರಮಲ್ಲ ದೊರೆ ಜನರ ಮನಸ್ಸಿನ ಸಿಂಹಾಸನ ಏರುತ್ತಾನೆ ಎಂದು ಅಡಿವೆಪ್ಪ ನಂಬಿದ್ದ.

ದೊರೆ ಏರಬೇಕಾದರೆ ಏನಾದರೊಂದರ ಮೇಲೆ ಕೂತು ಬರಬೇಕಲ್ಲ. ನಾಲ್ಕನೆಯ ಕಂತಿನಲ್ಲಿ ರಣಭದ್ರ ಎಂಬ ಪಟ್ಟದಾನೆಯ ಮೇಲೆ ಕೂರಿಸಿದ. ಮೆರವಣಿಗೆಗೆ ಸ್ವಲ್ಪ ಕಳೆ ಬರಲೆಂದು ಆ ಆನೆ ಬೀದಿಯ ಅಂಗಡಿಯಿಂದ ಬೆಲ್ಲದ ಅಚ್ಚೊಂದನ್ನು ಎಗರಿಸುವಂತೆ ಒಂದೇ ಒಂದು ಸಾಲು ಬರೆದ. ಮುಗಿಯಿತು. ಓದುಗರು ದೊರೆಯನ್ನು ಅಲ್ಲೇ ಕೆಳಗಿಳಿಸಿ ಆನೆಯ ಬೆನ್ನು ಹತ್ತಿದರು. ಪತ್ರಿಕೆಗೆ ಬಂದ ಕಾಗದಗಳಲ್ಲೆಲ್ಲ ಆನೆಯದೇ ಸುದ್ದಿ. ಪ್ರಕಾಶಕರು ಫೋನ್ ಮಾಡಿ, "ಸರ, ದೊರಿ ಇರ್ಲಿ, ಆ ಆನಿ ಮ್ಯಾಲ ಹುಡುಗೂರಿಗೆ ಒಂದು ಪುಸ್ತಕ ಬರದು ಕೊಡ್ರಿ" ಎಂದರು. ಅಡಿವೆಪ್ಪ ನಾಚಿಕೊಳ್ಳುತ್ತ, ಆಫೀಸಿಗೆ ಹೋಗಿ ಬರುವ ಮೆಟ್ರೋದಲ್ಲಿ ಕೂತು, ರಣಭದ್ರನನ್ನು ಮುದ್ದಿನ ಭದ್ದು ಮಾಡಿ, 'ಭದ್ದು ಬೆಲ್ಲ ಕದ್ದ' ಬರೆದುಕೊಟ್ಟ. ಬಣ್ಣದ ಚಿತ್ರಗಳು, ದಪ್ಪ ಅಕ್ಷರಗಳು. ಆರು ಕಾದಂಬರಿ ಇಪ್ಪತ್ತು ವರ್ಷದಲ್ಲಿ ಮಾಡದ್ದನ್ನು ಅದು ಒಂದು ತಿಂಗಳಲ್ಲಿ ಮಾಡಿತು. ಊರಲ್ಲಿ ಎರಡನೆಯ ಮುದ್ರಣ ಕಂಡಿತು.

ಆಮೇಲೆ ಅಲ್ ಬರ್ಷಾದ ಅವನ ಕಟ್ಟಡದಲ್ಲಿ ಅವನಿಗೆ ಅಡಿವೆಪ್ಪ ಎಂಬ ಹೆಸರು ಉಳಿಯಲಿಲ್ಲ. ಲಿಫ್ಟಿನಲ್ಲಿ, ಪಾರ್ಕಿಂಗಿನಲ್ಲಿ, ತರಕಾರಿ ಅಂಗಡಿಯಲ್ಲಿ ಎಲ್ಲ ಕಡೆ 'ಆನೆ ಅಂಕಲ್'. ದೊರೆಯ ಬಗ್ಗೆ ಕೇಳಿದವರು ಯಾರೂ ಇಲ್ಲ. ತಾನೇ ಸಾಕಿದ ಆನೆ ತನ್ನ ಕಾದಂಬರಿಯನ್ನೇ ಮೇಯುತ್ತಿದೆ ಎನಿಸಿತು ಅಡಿವೆಪ್ಪನಿಗೆ. ಅದಕ್ಕೇ ಕೊಂದ. ಆನೆ ಹೋದರೆ ಜನ ದೊರೆಯ ಕಡೆ ತಿರುಗಿಯಾರು ಎಂಬ ಆಸೆ.

ಕಂತುಗಳನ್ನು ಮುಂಚಿತವಾಗಿ ಕಳಿಸಿಬಿಡುವುದು ಅವನ ರೂಢಿ. ಹಾಗಾಗಿ ಕೊಂದದ್ದು ಮರೆತೂಹೋಗಿತ್ತು. ಆ ಕಂತು ಅಚ್ಚಾಗಿ ಬರುವ ಶುಕ್ರವಾರವೇ ಸಂಜೆ ಕರಾಮಾದಲ್ಲಿ 'ಭದ್ದು ಬೆಲ್ಲ ಕದ್ದ'ದ ದುಬೈ ಬಿಡುಗಡೆ ಇದೆ ಎಂಬುದನ್ನು ಅವನು ತಾಳೆ ಹಾಕಿ ನೋಡಿರಲಿಲ್ಲ.

ತಾಳೆ ಹಾಕಿದವರು ಎದುರು ಫ್ಲ್ಯಾಟಿನ ಅಮ್ಮಣ್ಣಿ.

ಅಮ್ಮಣ್ಣಿ ಉಡುಪಿ ಕಡೆಯವರು. ಮಗ ಧರ್ಮಪಾಲ ಹೋಟೆಲುಗಳಿಗೆ ಅಡುಗೆ ಸಾಮಾನು ಒದಗಿಸುವ ವ್ಯಾಪಾರಿ, ಕನ್ನಡ ಬಳಗದ ಅಧ್ಯಕ್ಷ. ಶುಕ್ರವಾರದ ರಜೆಯ ಬೆಳಿಗ್ಗೆ ಅಮ್ಮಣ್ಣಿ ಮಗನ ಐಪ್ಯಾಡಿನಲ್ಲಿ ಆ ವಾರಪತ್ರಿಕೆ ತೆರೆದು, ಒಂದು ಪರದೆಗೆ ಒಂದೇ ವಾಕ್ಯ ಕಾಣುವಷ್ಟು ಅಕ್ಷರ ದೊಡ್ಡದು ಮಾಡಿ ಓದುತ್ತಿದ್ದರು. ಆಮೇಲೆ ಕಟ್ಟಡದ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕತೆ ಹೇಳುತ್ತಿದ್ದರು. ಕನ್ನಡ ಓದಲು ಬಾರದ ಮಕ್ಕಳಿಗೂ ಭದ್ದು ಪರಿಚಯವಾದದ್ದು ಹಾಗೆ.

ಆ ಶುಕ್ರವಾರ ಬೆಳಿಗ್ಗೆ ಅಡಿವೆಪ್ಪ ಇನ್ನೂ ಚಹಾ ಕುಡಿಯುತ್ತಿದ್ದ. ಬಾಗಿಲ ಗಂಟೆ ಬಡಿಯಿತು. ಲುಂಗಿಯಲ್ಲಿ ಧರ್ಮಪಾಲ ನಿಂತಿದ್ದರು.

"ಅಡಿವೆಪ್ಪನವರೇ, ಎಂತ ಮಾಡಿ ಹಾಕಿದ್ದು ಮಾರಾಯ್ರೆ ನೀವು?"

"ಯಾಕ್ರಿ, ಏನಾತು?"

"ಅಮ್ಮ ಗಂಜಿ ಮುಟ್ಲಿಲ್ಲ. ಮನೆಯಲ್ಲಿ ಸಾವಾಗಿದೆ, ಒಲೆ ಹಚ್ಬೇಡಿ ಹೇಳ್ತಾರೆ."

"ಅಯ್ಯ! ಯಾರು ಸತ್ರು?"

"ನಿಮ್ಮ ಆನೆ!"

ಅಡಿವೆಪ್ಪನಿಗೆ ಆಗ ನೆನಪಾಯಿತು. ಚಹಾದ ಕಪ್ಪು ಮೆಲ್ಲಗೆ ಕೆಳಗಿಟ್ಟ.

"ನನ್ನ ಮಗಳು ತೃಷಾ ಸೋಫಾದ ಹಿಂದೆ ಕೂತು ಕಣ್ಣೀರು ಹಾಕಿ ಕೂಗ್ತಾ ಉಂಟು. ಹನ್ನೊಂದು ಮಕ್ಕಳು ನಮ್ಮ ಹಾಲಲ್ಲಿ ಸಾಲಾಗಿ ಕೂತು ಕೂಗ್ತಾ ಉಂಟು. ಸಂಜೆ ಪುಸ್ತಕ ಬಿಡುಗಡೆ ನಾನು ಎಂತ ಮಾಡುದು? ಬೆಳಿಗ್ಗೆ ಸತ್ತ ಆನೆಗೆ ಸಂಜೆ ರಿಬ್ಬನ್ ಕತ್ತರಿಸ್ಲಿಕ್ಕೆ ಆಗ್ತದಾ?"

ಒಳಗಿನಿಂದ ಹೆಂಡತಿ ಮಹಾದೇವಿ ಬಂದಳು. ಅವಳ ಹಿಂದೆ ಮಗಳು ಸಾಕ್ಷಿ. ಒಂಬತ್ತು ವರ್ಷದ ಸಾಕ್ಷಿಯ ಕಣ್ಣು ಆಗಲೇ ಕೆಂಪಾಗಿದ್ದವು. ತೃಷಾ ಅವಳಿಗೆ ಸುದ್ದಿ ಮುಟ್ಟಿಸಿ ಆಗಿತ್ತು.

"ಅಮ್ಮಾ, ಆಸ್ಕ್ ಹಿಮ್. ಡಿಡ್ ಹೀ ಡೂ ಇಟ್?"

"ಅಪ್ಪನ್ನ ನೀನ ಕೇಳವ್ವ."

"ಐ ಆಮ್ ನಾಟ್ ಟಾಕಿಂಗ್ ಟು ಹಿಮ್."

ಅಡಿವೆಪ್ಪ ಗಂಟಲು ಸರಿಮಾಡಿಕೊಂಡ. "ನೋಡ ಸಾಕ್ಷಿ, ಇತಿಹಾಸದಾಗ ಯುದ್ಧ ಅಂದ ಮ್ಯಾಲ..."

ಸಾಕ್ಷಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಹಾದೇವಿ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಒಂದು ಜಿರಳಿ ಹೊಡೀರಿ ಅಂದ್ರ ಮಂಚದ ಮ್ಯಾಲ ಏರತೀರಿ. ಆನಿ ಹೊಡ್ಯಾಕ ಹೆಂಗರ ಕೈ ಬಂತ್ರಿ ನಿಮಗ?" ಎಂದಳು.

ಅಡಿವೆಪ್ಪ ಮೊದಲು ಹುಬ್ಬಳ್ಳಿಗೆ ಫೋನ್ ಹಚ್ಚಿದ. ಸಂಪಾದಕರು ಹಬ್ಬದ ದನಿಯಲ್ಲಿದ್ದರು.

"ಸರ! ಸಾವು ಅಂದ್ರ ಸಾವು! ಏನ್ ಛಲೋ ಬಂದೈತ್ರಿ! ನಮ್ಮ ಪ್ರೂಫ್ ನೋಡಾವ ಅತ್ತು ಅತ್ತು ಎರಡು ತಪ್ಪು ಹಂಗ ಬಿಟ್ಟಾನ."

"ಅದು ಅಚ್ಚಿನ ತಪ್ಪಾಗೇತಿ ಅಂತ ಮುಂದಿನ ವಾರ ಹಾಕಾಕ ಬರ್ತೈತೇನ್ರಿ?"

"ಎರಡು ಪುಟ ಅಚ್ಚಿನ ತಪ್ಪೇನ್ರಿ ಸರ? ಅಚ್ಚಾಗಿದ್ದು ಅಚ್ಚಾತು. ಮುಂದಿನ ಕಂತಿನ್ಯಾಗ ಬೇಕಾದ್ದು ಬರೀರಿ, ಆದ್ರ ಇದಕ್ಕ ತಾಳ ತಪ್ಪಬಾರದು ನೋಡ್ರಿ."

ಫೋನಿಟ್ಟಾಗ ಮನೆಯಲ್ಲಿ ಪಂಚಾಯಿತಿ ನೆರೆದಿತ್ತು. ಧರ್ಮಪಾಲ ಲುಂಗಿಯಿಂದ ಪ್ಯಾಂಟಿಗೆ ಬದಲಾಗಿ ಬಂದಿದ್ದರು. ಕೆಳಗಿನ ಮಾಳಿಗೆಯ ಹಲ್ಲಿನ ಡಾಕ್ಟರ್ ಖೈರುನ್ನಿಸ, ವಿಜಯಪುರದವರು, ಐಪ್ಯಾಡು ಹಿಡಿದು ಆ ಕಂತನ್ನು ಶವಪರೀಕ್ಷೆಯ ವರದಿಯಂತೆ ಓದುತ್ತಿದ್ದರು. ಮಹಾದೇವಿ ಎಲ್ಲರಿಗೂ ಮಂಡಕ್ಕಿಯ ಗಿರಮಿಟ್ಟು ಹಾಕಿಕೊಟ್ಟಿದ್ದಳು. ದುಃಖದ ಮನೆಯಲ್ಲೂ ಅದು ಬೇಗ ಬೇಗ ಖಾಲಿಯಾಗುತ್ತಿತ್ತು.

"ಮೂರ್ಛೆ ಹೋದದ್ದು ಹೇಳುವ," ಎಂದರು ಧರ್ಮಪಾಲ. "ಸಾಯ್ಲಿಲ್ಲ. ಬರೀ ಮೂರ್ಛೆ."

"ಎದಿ ಒಳಗ ಬಾಣ ಹೊಕ್ಕೇತ್ರಿ," ಎಂದರು ಖೈರುನ್ನಿಸ. "ಆದ್ರೂ ಬದುಕ್ತೈತಿ ಅನ್ನೂಣು. ಉಸಿರು ನಿಂತೇತಿ. ಅದೂ ಇರ್ಲಿ. ಆದ್ರ ಸರ ಇಲ್ಲಿ ಗಂಧದ ಕಟಗಿ ಒಟ್ಟಿ ಬೆಂಕಿ ಹಚ್ಯಾರ. ಬೂದಿ ಹೊಳಿಗೆ ಬಿಟ್ಟಾರ. ಹಲ್ಲೊಂದು ಉಳದಿದ್ರೂ ನಾ ಏನರ ಮಾಡತಿದ್ನಿ. ಕೋರಿಹಲ್ಲು ಸೈತ ಕರಗಿ ಹೋದುವು ಅಂತ ಬರದೀರಲ್ರಿ!"

"ಅದೊಂದು ಉಪಮಾ ಇತ್ರಿ," ಎಂದ ಅಡಿವೆಪ್ಪ ಸಣ್ಣ ದನಿಯಲ್ಲಿ.

"ಎಷ್ಟು ಚಂದ ಸಾಯ್ಸಿದ್ದೀರಿ ಮಾರಾಯ್ರೆ," ಎಂದು ಧರ್ಮಪಾಲ ನಿಟ್ಟುಸಿರು ಬಿಟ್ಟರು. "ಸ್ವಲ್ಪ ಕೆಟ್ಟದಾಗಿ ಬರಿಲಿಕ್ಕೆ ಆಗ್ತಿರ್ಲಿಲ್ವಾ?"

ಆಗ ಧರ್ಮಪಾಲರ ಫೋನು ಗುಣುಗುಟ್ಟಿತು. ನೈಫ್ ಪೇಟೆಯಲ್ಲಿ ಆಟಿಕೆ ಅಂಗಡಿ ಇಟ್ಟಿರುವ ಮಂಗಳೂರಿನ ಉಮ್ಮರಬ್ಬ. ಸಂಜೆಯ ಸಮಾರಂಭದ ಖರ್ಚು ಅವರದೇ. ಪ್ರತಿ ಪುಸ್ತಕದ ಜೊತೆ ಮಾರಲೆಂದು ಅವರು ಬಟ್ಟೆಯ ಆನೆಗಳನ್ನೂ ತರಿಸಿದ್ದರು. ಧರ್ಮಪಾಲ ಫೋನನ್ನು ಸ್ಪೀಕರಿಗೆ ಹಾಕಿದರು.

"ಅಡಿವೆಪ್ಪಣ್ಣ, ನನ್ನ ಹೆಂಡತಿ ಮರಿಯಮ್ ಬೀವಿ ಬೆಳಿಗ್ಗೆಯಿಂದ ನನ್ನ ಹತ್ರ ಜಗಳ. ನಿಮ್ಮ ಗುರ್ತದವರು ಅಲ್ವಾ ಆನೆ ಕೊಂದದ್ದು ಅಂತ. ನಂದೊಂದು ಸಲಹೆ. ಆನೆ ಬದಲು ಆ ದೊರೆಯನ್ನೇ ಕೊಂದುಬಿಡಿ."

"ದೊರಿ ಕಥಾನಾಯಕ್ರಿ ಉಮ್ಮರಬ್ಬ ಅವ್ರ!"

"ಹೌದಾ?" ಆ ಕಡೆ ಪ್ರಾಮಾಣಿಕವಾದ ಆಶ್ಚರ್ಯ. "ಅವ ಸತ್ರೆ ಯಾರಿಗೆ ಬೇಜಾರು ಮಾರಾಯ್ರೆ?"

ಅಡಿವೆಪ್ಪ ಎದ್ದು ಬಾಲ್ಕನಿಗೆ ಹೋದ. ಇಪ್ಪತ್ತು ವರ್ಷದಲ್ಲಿ ಇಷ್ಟು ಮಂದಿ ತನ್ನ ಒಂದು ಕಂತನ್ನು ಇಷ್ಟು ಕೂಲಂಕಷವಾಗಿ ಓದಿದ್ದು ಇದೇ ಮೊದಲು. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಮಕ್ಕಳನ್ನು ತಾನೇ ಸಮಾಧಾನ ಮಾಡುತ್ತೇನೆಂದು ಶಾಪಿಂಗ್ ಮಾಲಿಗೆ ಹೋಗಿ ದೊಡ್ಡ ಡಬ್ಬಿ ಚಾಕ್ಲೇಟು ತಂದ. ಧರ್ಮಪಾಲರ ಹಾಲಿನಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಡಬ್ಬಿ ತೆರೆದ. ಚಾಕ್ಲೇಟೆಲ್ಲ ತಿಂದರು. ರಾಜಿಗೆ ಮಾತ್ರ ಬರಲಿಲ್ಲ. ಬಾಯಿ ಒರೆಸಿಕೊಂಡ ತೃಷಾ, "ಅಂಕಲ್, ಭದ್ದು ಕುಡ್ ನಾಟ್ ಈವನ್ ಈಟ್ ಹಿಸ್ ಲಾಸ್ಟ್ ಬೆಲ್ಲ" ಎಂದಳು. ಮತ್ತೆ ಎಲ್ಲರೂ ಅಳತೊಡಗಿದರು, ಈ ಸಲ ಕಂದುಬಣ್ಣದ ಬಾಯಿಗಳಲ್ಲಿ. ಮೂಲೆಯ ಕುರ್ಚಿಯಲ್ಲಿದ್ದ ಅಮ್ಮಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಮಗ. ಆದ್ರೆ ಆ ಸೊಂಡಿಲು ತೊಡೆ ಮೇಲೆ ಇಟ್ಟದ್ದುಂಟಲ್ಲ, ಅದು ಬೇಡ ಇತ್ತು" ಎಂದರು.

ಪಾರ್ಕಿಂಗಿಗೆ ಇಳಿದರೆ ಕಾರಿನ ಗಾಜಿಗೆ ಯಾರೋ ಚಿತ್ರ ಅಂಟಿಸಿದ್ದರು. ರೆಕ್ಕೆ ಹಚ್ಚಿಕೊಂಡ ಆನೆ, ಮೋಡದ ಮೇಲೆ. ಕೆಳಗೆ ಕನ್ನಡಕ ಹಾಕಿದ ಒಬ್ಬ ಮನುಷ್ಯ, ಕೈಯಲ್ಲಿ ಬಿಲ್ಲು. ಕನ್ನಡಕ ಅಡಿವೆಪ್ಪನದೇ. ಚಿತ್ರ ಬರೆದ ಕೈ ಸಾಕ್ಷಿಯದು.

ಅದನ್ನು ಅವನು ಹರಿಯಲಿಲ್ಲ. ಮಡಿಸಿ ಪಕ್ಕದ ಸೀಟಿನ ಮೇಲಿಟ್ಟುಕೊಂಡ. ಮಗಳು ಹುಟ್ಟಿದಾಗಿನಿಂದ ಅವಳ ಜೊತೆ ಒಂದು ಪೂರ್ತಿ ದಿನ ಮಾತಿಲ್ಲದೆ ಕಳೆದದ್ದಿರಲಿಲ್ಲ.

ಮಧ್ಯಾಹ್ನದ ನಮಾಜು ಮುಗಿದು ಅಂಗಡಿಗಳು ತೆರೆದ ಮೇಲೆ ನೈಫ್‌ಗೆ ಹೋದ. ಉಮ್ಮರಬ್ಬ ಕಾರ್ಯಕ್ರಮದಿಂದ ಹಿಂದೆ ಸರಿದರೆ ಸಭೆಯ ಹಾಲಿನ ಬಾಡಿಗೆಗೂ ಗತಿಯಿಲ್ಲ ಎಂದು ಧರ್ಮಪಾಲ ಹೆದರಿಸಿ ಕಳಿಸಿದ್ದರು. ಆದರೆ ಉಮ್ಮರಬ್ಬ ಹಿಂದೆ ಸರಿಯುವ ಗಿರಾಕಿಯಲ್ಲ. ಅಂಗಡಿಯಲ್ಲಿ ನೆಲದ ಮೇಲೆ ಕೂತು, ಒಂದೊಂದೇ ಬಟ್ಟೆಯಾನೆಯ ಕೊರಳಿಗೆ ಕಪ್ಪು ರಿಬ್ಬನ್ ಕಟ್ಟುತ್ತಿದ್ದರು.

"ಇದೇನ್ರಿ?"

"ನೆನಪಿನ ಕಾಣಿಕೆ. ಸತ್ತವರ ಗೊಂಬೆಗೆ ಡಿಮಾಂಡು ಜಾಸ್ತಿ," ಎಂದರು ಉಮ್ಮರಬ್ಬ ಹಲ್ಲಿನಿಂದ ದಾರ ಕತ್ತರಿಸುತ್ತ. "ಬಂದವರು ಅತ್ಕೊಂಡು ತಗೊಳ್ತಾರೆ. ನೀವು ತಲೆಬಿಸಿ ಮಾಡ್ಬೇಡಿ. ಯಲ್ಲಾ, ಬೇಗ ಬೇಗ ಆ ಪೆಟ್ಟಿಗೆ ಎತ್ತಿ."

ಹೀಗೆ ಅಡಿವೆಪ್ಪ ತನ್ನ ಪುಸ್ತಕದ ಬಿಡುಗಡೆಗೆ ಶೋಕಾಚರಣೆಯ ಆನೆಗಳನ್ನು ಡಿಕ್ಕಿಯ ತುಂಬ ತುಂಬಿಕೊಂಡು ಹೋದ.

ಕರಾಮಾದ ಸಸ್ಯಾಹಾರಿ ಹೋಟೆಲೊಂದರ ಮೇಲಂತಸ್ತಿನ ಹಾಲು ಕಿಕ್ಕಿರಿದಿತ್ತು. ಕನ್ನಡ ಬಳಗದ ಸಭೆಗಳಿಗೆ ಸಾಮಾನ್ಯವಾಗಿ ಊಟದ ಹೊತ್ತಿಗೆ ಜನ ಸೇರುವುದು. ಅಂದು ಮೊದಲೇ ಸೇರಿದ್ದರು. ಅಬುಧಾಬಿಯಿಂದ ಒಂದು ಮಿನಿಬಸ್ಸು ತುಂಬ ಬಂದಿದ್ದರು. ಸಾವಿನ ಸುದ್ದಿ ವಾಟ್ಸಾಪಿನಲ್ಲಿ ಶಾರ್ಜಾ ದಾಟಿ ಅಜ್ಮಾನ್ ಮುಟ್ಟಿತ್ತು. ಮಕ್ಕಳೆಲ್ಲ ವೇದಿಕೆಯ ಮುಂದೆ ನೆಲದ ಮೇಲೆ ಕೂತಿದ್ದರು. ಅವರ ನಡುವೆ ಸಾಕ್ಷಿ, ಬೇಕೆಂದೇ ಬೇರೆ ಕಡೆ ನೋಡುತ್ತ.

ಧರ್ಮಪಾಲ ಮೈಕ್ ಹಿಡಿದು, ಏನು ಮಾಡಬೇಕೆಂದು ತೋಚದೆ, ಸಭೆಯನ್ನು ಒಂದು ನಿಮಿಷದ ಮೌನದಿಂದ ಆರಂಭಿಸಿದರು. ತನ್ನದೇ ಪುಸ್ತಕದ ಬಿಡುಗಡೆಯಲ್ಲಿ ತಲೆ ತಗ್ಗಿಸಿ ಮೌನವಾಗಿ ನಿಂತ ಕಾದಂಬರಿಕಾರ ಕನ್ನಡದಲ್ಲಿ ಬೇರೆ ಯಾರಿದ್ದಾರೋ.

ನಂತರ ಅಡಿವೆಪ್ಪನ ಸರದಿ. 'ಐತಿಹಾಸಿಕ ಕಾದಂಬರಿಯಲ್ಲಿ ದುರಂತಪ್ರಜ್ಞೆ' ಎಂಬ ಭಾಷಣ ಬರೆದುಕೊಂಡು ಬಂದಿದ್ದ. ಮೊದಲ ವಾಕ್ಯ ಓದಿದ. ಎರಡನೆಯದಕ್ಕೆ ಹೋಗುವ ಮೊದಲೇ ತೃಷಾ ಎದ್ದು ನಿಂತಳು.

"ಅಂಕಲ್, ಭದ್ದು ಏನು ತಪ್ಪು ಮಾಡಿದ್ದ?"

ಇಂಗ್ಲಿಷಿನಲ್ಲಿ ಕೇಳಿದ್ದರೆ ಅಡಿವೆಪ್ಪ ಏನಾದರೂ ಹೇಳಿ ಪಾರಾಗುತ್ತಿದ್ದನೇನೋ. ಕನ್ನಡದಲ್ಲಿ ಕೇಳಿದಳು, ಅಜ್ಜಿಯಿಂದ ಕಲಿತ ಕನ್ನಡದಲ್ಲಿ. ಅಡಿವೆಪ್ಪ ಕಾಗದ ಮಡಿಸಿದ. ಭದ್ದು ಮಾಡಿದ ತಪ್ಪು ಅವನೊಬ್ಬನಿಗೇ ಗೊತ್ತು. ಅದು ಎಲ್ಲರಿಗೂ ಬೇಕಾದವನಾದದ್ದು. ಅದನ್ನು ಮೈಕಿನಲ್ಲಿ ಹೇಳುವುದು ಹೇಗೆ? ಸಾಕ್ಷಿಯ ಕಡೆ ನೋಡಿದ. ಅವಳು ಈಗ ಅವನನ್ನೇ ನೋಡುತ್ತಿದ್ದಳು.

"ತಪ್ಪು ಮಾಡ್ಯಾನವ್ವ," ಎಂದ ಅಡಿವೆಪ್ಪ. ಮುಂದೇನು ಹೇಳುತ್ತೇನೆಂದು ಅವನಿಗೂ ಗೊತ್ತಿರಲಿಲ್ಲ. "ಯುದ್ಧದ ಹಿಂದಿನ ದಿನ ಒಂದು ತಪ್ಪು ಮಾಡ್ಯಾನ. ಅದನ್ನ ನಾ ಪತ್ರಿಕಾದಾಗ ಬರದಿಲ್ಲ. ದೊರಿಗೂ ಗೊತ್ತಿಲ್ಲ ಅದು."

ಮಕ್ಕಳು ಮುಂದೆ ಸರಿದರು.

"ಅವತ್ತ ಸಂಜಿಮುಂದ ದಂಡಿನ ಅಡಿಗಿ ಡೇರೇಕ್ಕ ಒಂದು ಚಕ್ಕಡಿ ಬಂದು ನಿಂತಿತ್ತು. ಚಕ್ಕಡಿ ತುಂಬ ಬೆಲ್ಲ. ಇಡೀ ದಂಡಿಗೆ ಹೋಳಿಗಿ ಮಾಡಾಕ ಸಾಕಾಗುವಷ್ಟು. ಕಾವಲುಗಾರ ಕುಂತಲ್ಲೇ ತೂಕಡಿಸಾಕತ್ತಿದ್ದ. ಅಷ್ಟರಾಗ ಡೇರೆದ ಕೆಳಗಿಂದ ಮೆಲ್ಲಕ ಒಂದು..."

ಅವನು ಕೊರಳಲ್ಲಿದ್ದ ಶಾಲನ್ನು ತೆಗೆದು ತೋಳಿಗೆ ಸುತ್ತಿಕೊಂಡ. ತೋಳನ್ನು ಮೇಜಿನ ಕೆಳಗಿನಿಂದ ನಿಧಾನವಾಗಿ ಹೊರಗೆ ತಂದ. ಅದು ಅತ್ತಿತ್ತ ಮೂಸಿ ನೋಡಿತು.

"ಭದ್ದು!" ಎಂದು ಯಾವುದೋ ಮಗು ಕಿರುಚಿತು.

"ನಾ ಹೆಸರು ಹೇಳಲಿಲ್ಲಪ. ನೀನ ಹೇಳಿದಿ."

ಎಲ್ಲೋ ಒಂದು ಕಿಸಕ್ ನಗು ಕೇಳಿಸಿತು. ಅಡಿವೆಪ್ಪನ ಬೆನ್ನು ನೆಟ್ಟಗಾಯಿತು.

"ಒಂದು ಅಚ್ಚು ತಿಂದ. ಎರಡು ತಿಂದ. ಇನ್ನ ಒಂದ ಒಂದು ಅಂದ. ಬೆಳಗಾಗೂದ್ರಾಗ ಚಕ್ಕಡಿ ಖಾಲಿ! ಖಲಾಸ್! ಹೊಟ್ಟಿ ನೋಡಿದ್ರ ಗೋಳಗುಮ್ಮಟ. ಒಳಗ ಗುಡು ಗುಡು ಗುಡು ಗುಡು. ಮಳಿ ಬಂತಂತ ತಿಳಕೊಂಡು ಸೈನಿಕರು ಒಣಗಾಕ ಹಾಕಿದ್ದ ಅಂಗಿ ಒಳಗ ತಗೊಂಡ್ರು!"

ಈಗ ನಗು ಅಲೆಯಾಗಿ ಹಿಂದಿನ ಸಾಲಿನವರೆಗೆ ಹೋಯಿತು. ಅಬುಧಾಬಿಯವರೂ ನಕ್ಕರು. ಖೈರುನ್ನಿಸ ಬಾಯಿಗೆ ಸೆರಗು ಹಿಡಿದರು.

"ಯುದ್ಧಕ್ಕ ಹೋಗಾಕ ಭದ್ದು ಎದ್ದ ಏಳವಲ್ಲ. ಮಾವುತ ಗಡಗಡ ನಡಗಾಕತ್ತಿದ. ದೊರಿಗೆ ಏನಂತ ಹೇಳೂದು? ನಿಮ್ಮ ಪಟ್ಟದಾನಿಗೆ ಹೊಟ್ಟಿ ಕಡಿತೈತಿ, ಇವತ್ತು ಯುದ್ಧಕ್ಕ ರಜಾ ಕೊಡ್ರಿ ಅನ್ನೂದೇನು? ಆಗ ಅವ ಏನ್ ಮಾಡಿದ? ಭದ್ದೂನ ಬಂಗಾರದ ಮುಖವಾಡ ಐತಲ್ಲ, ಕಬ್ಬಿಣದ ಅಂಗಿ ಐತಲ್ಲ, ಎಲ್ಲಾ ಬಿಚ್ಚಿದ. ಲಾಯದಾಗಿನ ಇನ್ನೊಂದು ಆನಿಗೆ ತೊಡಿಸಿದ. ಮಾರಿ ತುಂಬ ಬಂಗಾರ. ಒಳಗ ಯಾರದಾರ ಅಂತ ದೊರಿಗೆ ಹೆಂಗ ಗೊತ್ತಾಗಬೇಕು?"

"ಸೋ..." ಎಂದು ಸಾಕ್ಷಿ ಎದ್ದು ನಿಂತಳು. ಇಡೀ ದಿನದಲ್ಲಿ ಅವಳು ಅಪ್ಪನಿಗೆ ನೇರವಾಗಿ ಹೇಳಿದ ಮೊದಲ ಮಾತು. "ಸೋ, ಹೊಳೆ ಹತ್ರ ಬಿದ್ದದ್ದು ಭದ್ದು ಅಲ್ಲ?"

"ಅಲ್ಲ! ದೊರಿ ಭದ್ದು ಅಂತ ತಿಳಕೊಂಡು ಅತ್ತ. ಪತ್ರಿಕಾದವರೂ ಹಂಗ ತಿಳಕೊಂಡ್ರು. ಅಮ್ಮಣ್ಣಿ ಅಜ್ಜೀನೂ ಹಂಗ ತಿಳಕೊಂಡ್ರು. ಆದ್ರ ಅಷ್ಟೊತ್ತಿಗೆ ಭದ್ದು ಎಲ್ಲಿದ್ದ?"

"ಬೆಲ್ಲ ತಿಂದು ಮಲ್ಕೊಂಡಿದ್ದ!" ಎಂದು ಇಡೀ ಹಾಲು ಕೂಗಿತು.

"ಮಲಕೊಂಡಿರಲಿಲ್ಲ. ಅಜವಾನದ ಕಷಾಯ ಕುಡಿ ಅಂದ್ರ ಒಲ್ಲೆ ಅಂತ ಮಾರಿ ತಿರುವಿಕೊಂಡು ಕುಂತಿದ್ದ!"

ಅಡಿವೆಪ್ಪ ಶಾಲಿನ ಸೊಂಡಿಲನ್ನು ಮುಖದ ಮುಂದೆ ಹಿಡಿದು, ತಿರುಗಿ, ಮೂಗು ಮುರಿದು ತೋರಿಸಿದ. ಹಾಲಿನ ಮಾಳಿಗೆ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮಕ್ಕಳು ಕುಣಿದರು. ಉಮ್ಮರಬ್ಬ ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಟ್ಟೆಯಾನೆಗಳ ಕಪ್ಪು ರಿಬ್ಬನ್ನುಗಳನ್ನು ಎರಡೂ ಕೈಯಿಂದ ಕೀಳತೊಡಗಿದರು, "ಬದುಕಿದ, ಬದುಕಿದ, ರೇಟು ಅದೇ!" ಎನ್ನುತ್ತ. ಅಮ್ಮಣ್ಣಿ ಮಗನನ್ನು ಕರೆದು, "ಈಗ ನನಗೆ ಎಂತಾದ್ರೂ ತಿನ್ಲಿಕ್ಕೆ ತಾ" ಎಂದರು.

ಪುಸ್ತಕಗಳು ಸಾಲಲಿಲ್ಲ. ಸಿಗದವರು ಹೆಸರು ಬರೆಸಿ ಹೋದರು. ಧರ್ಮಪಾಲ ಮೈಕಿನಲ್ಲಿ, "ಇದು ಕನ್ನಡ ಬಳಗದ ಇತಿಹಾಸದಲ್ಲೇ..." ಎಂದು ಶುರುಮಾಡಿ, ಮಾತು ಅರ್ಧಕ್ಕೇ ಬಿಟ್ಟು, ಅಡಿವೆಪ್ಪನ ತಲೆಗೆ ಪೇಟ ಇಟ್ಟರು. ಅಬುಧಾಬಿಯ ಒಬ್ಬ ಹಿರಿಯರು ಬಂದು ಕೈ ಹಿಡಿದು, "ನಿಮ್ಮ ಆರೂ ಕಾದಂಬರಿ ನನ್ನ ಹತ್ರ ಅದಾವ್ರಿ. ಇವತ್ತ ಮನಿಗೆ ಹೋಗಿ ಓದತೀನಿ" ಎಂದರು. ಸಾಕ್ಷಿ ಓಡಿಬಂದು ಸೊಂಟಕ್ಕೆ ಜೋತುಬಿದ್ದಳು. "ಅಪ್ಪಾ, ಯು ಆರ್ ದ ಬೆಸ್ಟ್," ಎಂದಳು.

ಅಡಿವೆಪ್ಪನ ಕಣ್ಣು ಮಂಜಾದವು. ಇಪ್ಪತ್ತು ವರ್ಷ ಬರೆದ. 'ಮುಂದೇನಾಯ್ತು?' ಎಂದು ಯಾರೂ ಹೀಗೆ ಬಾಯಿ ಬಿಟ್ಟುಕೊಂಡು ಕೇಳಿರಲಿಲ್ಲ. ದೊರೆಗಾಗಿ ಕಟ್ಟಿದ ಸಿಂಹಾಸನದ ಮೇಲೆ ತಾನೇ ಕೂತಂತಾಗಿತ್ತು. ಪಕ್ಕದಲ್ಲಿ ಬೇಕಾದರೆ ಆನೆಯೂ ಕೂತುಕೊಳ್ಳಲಿ, ಜಾಗವಿದೆ ಎನಿಸಿತು. ಮುಂದಿನ ಕಂತು ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು, ಹಿಂದಿನದಕ್ಕೆ ತಾಳವೂ ತಪ್ಪುತ್ತಿರಲಿಲ್ಲ.

ಪೇಟ ಹಾಕಿಕೊಂಡೇ ಕೂತು ಪುಸ್ತಕಗಳ ಮೇಲೆ ಸಹಿ ಮಾಡತೊಡಗಿದ. ಸಾಲು ಬಾಗಿಲ ತನಕ ಇತ್ತು. ಮೈಕನ್ನು ಮೇಜಿನ ಮೇಲೆ ಹಾಗೇ ಬಿಟ್ಟಿದ್ದರು. ಸಾಲಿನ ಮುಂದೆ ಬಂದವನು ಅಬುಧಾಬಿಯ ಬಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಬಂದಿದ್ದ ಐದು ವರ್ಷದ ಹುಡುಗ. ಅವನ ಮೂಗು ಮಾತ್ರ ಮೇಜಿನ ಮೇಲೆ ಕಾಣುತ್ತಿತ್ತು.

"ಏನಪಾ ಹೆಸರು?" ಎಂದ ಅಡಿವೆಪ್ಪ ಪೆನ್ನು ಹಿಡಿದು.

"ತರುಣ. ಅಂಕಲ್, ಆ ಇನ್ನೊಂದು ಆನೆ ಹೆಸರೇನು?"

"ಯಾವ ಇನ್ನೊಂದು?"

"ಭದ್ದು ಡ್ರೆಸ್ ಹಾಕ್ಕೊಂಡು ಸತ್ತೋಯ್ತಲ್ಲ, ಅದು."

ಗೆದ್ದವನಿಗೆ ಎಚ್ಚರ ಕಡಿಮೆ. ಅಡಿವೆಪ್ಪ ಸಹಿಯ ಕೊನೆಯ ಗೆರೆ ಎಳೆಯುತ್ತ ನಗುನಗುತ್ತ, "ಅದಕ್ಕ ಹೆಸರಿಲ್ಲಪ. ಸುಮ್ಮನ ಒಂದು ಆನಿ" ಎಂದ.

ಮೈಕು ಚಾಲೂ ಇತ್ತು. 'ಸುಮ್ಮನ ಒಂದು ಆನಿ' ಎಂಬ ಮಾತು ಹಾಲಿನ ನಾಲ್ಕೂ ಮೂಲೆಯ ಸ್ಪೀಕರುಗಳಲ್ಲಿ ಮೊಳಗಿತು.

ಕುಣಿಯುತ್ತಿದ್ದ ಮಕ್ಕಳು ನಿಂತರು. ಒಂದು ಕಡೆಯಿಂದ ದೀಪ ಆರಿಸಿಕೊಂಡು ಬಂದಂತೆ ನಗು ಆರುತ್ತ ಬಂತು. ತರುಣ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ಕೇಳಿದ: "ಅದಕ್ಕೆ ಅಮ್ಮ ಇರ್ಲಿಲ್ವಾ?"

"ಅದು ಬೆಲ್ಲಾನೂ ಕದ್ದಿರ್ಲಿಲ್ಲ," ಎಂದಳು ತೃಷಾ ಯೋಚಿಸಿ. "ಇಟ್ ಡಿಡ್ ನಥಿಂಗ್."

ಅಮ್ಮಣ್ಣಿಯ ಕೈಯಲ್ಲಿದ್ದ ಇಡ್ಲಿ ತಟ್ಟೆಗೆ ಹಿಂತಿರುಗಿತು. "ಅಯ್ಯೋ ದೇವರೇ, ಹೆಸರು ಸಹ ಇಟ್ಟಿರ್ಲಿಲ್ಲ ಪಾಪದ್ದಕ್ಕೆ," ಎಂದರು. ಧರ್ಮಪಾಲ ತಲೆಗೆ ಕೈಯಿಟ್ಟುಕೊಂಡು ಕುರ್ಚಿ ಹುಡುಕಿದರು. ಅಡಿವೆಪ್ಪನ ಸೊಂಟಕ್ಕಿದ್ದ ಪುಟ್ಟ ಕೈಗಳು ಸಡಿಲಾದವು. ಸಾಕ್ಷಿ ಎರಡು ಹೆಜ್ಜೆ ಹಿಂದೆ ಸರಿದು ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ಆಸ್ಕ್ ಹಿಮ್."

ಒಬ್ಬೊಬ್ಬರಾಗಿ ಮಕ್ಕಳು ಸಾಲು ಬಿಟ್ಟು ಬಂದು ವೇದಿಕೆಯ ಮುಂದೆ ಮತ್ತೆ ನೆಲದ ಮೇಲೆ ಕೂತರು. ಕೈಕಟ್ಟಿಕೊಂಡರು. ಅಡಿವೆಪ್ಪ ಮೆಲ್ಲಗೆ ಎದ್ದು ಬಾಗಿಲ ಕಡೆ ನೋಡಿದ. ಬಾಗಿಲಿಗೆ ಅಡ್ಡಲಾಗಿ ಮಹಾದೇವಿ ನಿಂತಿದ್ದಳು. ಬಂದು ಅವನ ತಲೆಯ ಮೇಲೆ ವಾಲಿದ್ದ ಪೇಟವನ್ನು ನೆಟ್ಟಗೆ ಮಾಡಿ, ಮೈಕನ್ನು ಕೈಗೆ ಕೊಟ್ಟಳು.

"ಕೂಡ್ರಿ. ಮೊದಲ ಅದಕ್ಕೊಂದು ಹೆಸರರ ಇಡ್ರಿ," ಎಂದಳು. "ಬದುಕಿಸೂದು ಆಮ್ಯಾಲ ನೋಡೂಣು."